ಕೆಳಗಿನ ಮನೆಯವರ ಚರಗಿ

ಕಳೆದ ವಾರ ನಮ್ಮ ಅವ್ವ ಯಾರದೋ ಮನೆಗೆ ನುಗ್ಗಿದಳು.

ನುಗ್ಗಿದಳು ಎಂದರೆ ಅಕ್ಷರಶಃ ಹಾಗೇ. ಬಾಗಿಲು ಬಡಿಯಲಿಲ್ಲ, ಬರಲೇ ಎಂದು ಕೇಳಲಿಲ್ಲ. ಕಂಕುಳಲ್ಲಿ ಜೋಳದ ಹಿಟ್ಟಿನ ಡಬ್ಬಿ, ಹಿಂದೆ ನನ್ನ ತಮ್ಮ ಮತ್ತು ಅವನ ಹೆಂಡತಿ, ಅವರ ಹಿಂದೆ ಎರಡು ಆಡು. ಸೀದಾ ಪಡಸಾಲೆಗೆ ಹೋಗಿ ಕೂತವಳು, ಆಡು ಎಲ್ಲಿ ಕಟ್ಟಬೇಕು ಎಂದು ಮನೆಯೊಡತಿಯನ್ನೇ ಕೇಳಿದಳಂತೆ.

ಮನೆಯೊಡತಿ ಸುಜಾತಾ, ಚಿಂಚೋಳಿ ಕಡೆಯ ಹುಡುಗಿ. ಗಂಡನಿಗೆ ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ. ನಮ್ಮ ತವರೂರು ದಂಡೋತಿಯಲ್ಲಿ ಹೊಲದ ಜೊತೆ ಆ ಮನೆ ಕೊಂಡು ಇನ್ನೂ ವರ್ಷ ತುಂಬಿಲ್ಲ. ಪಾಪ, ಗಾಬರಿಯಾಗಿ ಡ್ಯೂಟಿಯಲ್ಲಿದ್ದ ಗಂಡನಿಗೆ ಫೋನ್ ಮಾಡಿದ್ದಾಳೆ. ಬಂದವರು ಯಾರೆಂದು ಕೇಳು ಅಂದಿದ್ದಾನೆ ಅವನು. ಕೇಳಿದ್ದಾಳೆ.

‘ಕೆಳಗಿನ ಮನಿಯವರು’ ಅಂದಳಂತೆ ಅವ್ವ.

(ಇಷ್ಟು ಹೇಳಿದರೆ ಇಡೀ ಜಗತ್ತಿಗೆ ತಿಳಿಯುತ್ತದೆ ಎಂಬುದು ನಮ್ಮ ಅವ್ವನ ನಂಬಿಕೆ.)

ಆಗಿದ್ದಿಷ್ಟು. ನಮ್ಮಲ್ಲಿ ಹನಿ ಮಳೆಯಿಲ್ಲ. ಸೇಡಂ, ಚಿಂಚೋಳಿ ಕಡೆ ಸುರಿದಿದ್ದೆಲ್ಲ ಕಾಗಿಣಾ ನದಿಗೆ ಬಂತು. ಬೆಳಗಿನ ಚಹಾದ ಹೊತ್ತಿಗೆ ಹೊಳೆ ತನ್ನ ಪಾಡಿಗೆ ತಾನಿತ್ತು, ಮಧ್ಯಾಹ್ನ ನಮ್ಮ ತವರುಮನೆಯ ಹೊಸ್ತಿಲಿಗೆ ಬಂದಿತ್ತು. ಆಟೋದಲ್ಲಿ ಮೈಕ್ ಕಟ್ಟಿಕೊಂಡು ಬಂದವರು ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿದೆ, ಎಲ್ಲರೂ ಬನ್ನಿ ಎಂದು ಕೂಗಿ ಹೋದರು. ಓಣಿಯವರು ಹೋದರು. ಅಲ್ಲಿ ಬಿಸಿ ಅನ್ನ, ಬೇಳೆ ಸಾರು, ಚಾಪೆ ಎಲ್ಲ ಇತ್ತು. ಅವ್ವ ಮಾತ್ರ ಶಾಲೆಯ ಗೇಟಿನ ಮುಂದೆಯೇ ಹಾದು ಮೇಲಿನ ಓಣಿಗೆ ನಡೆದಳು.

ಚಿತ್ತಾಪುರದಲ್ಲಿ ಕೂತು ತಮ್ಮನ ಬಾಯಿಂದ ಇದನ್ನು ಕೇಳಿದ ನನಗೆ ಮೊದಲು ಆದದ್ದು ಚಿಂತೆಯಲ್ಲ, ನಾಚಿಕೆ. ಗುರುತಿಲ್ಲದವರ ಮನೆಗೆ ಆಡು ಸಮೇತ ಹೋಗುವುದೇ? ಒಂದು ಮಾತು ಕೇಳಬಾರದೇ? ಆ ಹುಡುಗಿ ಹೊರಗೆ ಹೋಗಿ ಅಂದಿದ್ದರೆ ಈ ವಯಸ್ಸಿನಲ್ಲಿ ಅವ್ವನ ಮುಖ ಏನಾಗುತ್ತಿತ್ತು?

ಹಾಗಂತ ಆ ಮನೆ ಅವ್ವನಿಗೆ ಗುರುತಿಲ್ಲದ್ದಲ್ಲ. ನನಗೂ ಅಲ್ಲ.

ನಾನು ಸಣ್ಣವಳಿದ್ದಾಗ ನಮ್ಮ ಕೆಳಗಿನ ಓಣಿಯ ಪ್ರತಿ ಮನೆಗೂ ಮೇಲಿನ ಓಣಿಯಲ್ಲಿ ಒಂದು ಮನೆ ಗೊತ್ತಾಗಿತ್ತು. ಯಾರು ಯಾವಾಗ ಗೊತ್ತು ಮಾಡಿದರೋ! ಅವರು ನಮ್ಮ ನೆಂಟರಲ್ಲ, ಒಂದೇ ಜಾತಿಯವರೂ ಅಲ್ಲ. ಹೊಳೆ ಬಂತೋ, ನಮ್ಮ ಹಿಟ್ಟು, ನಮ್ಮ ರೊಟ್ಟಿ ಹಂಚು ಎತ್ತಿಕೊಂಡು ಅಲ್ಲಿಗೆ ಹೋಗುವುದು. ಕಟ್ಟಿಗೆ ಅವರದು, ಪಡಸಾಲೆ ಅವರದು. ನಾವು ಕೇಳುವಂತಿಲ್ಲ, ಅವರು ಕರೆಯುವಂತಿಲ್ಲ. ಬೇಸಿಗೆಯಲ್ಲಿ ಮೇಲಿನ ಬಾವಿಗಳು ಬತ್ತಿದಾಗ ಅವರು ಕೊಡ ಹಿಡಿದು ನಮ್ಮ ಹಿತ್ತಲಿನ ಬಾವಿಗೆ ಇಳಿಯುತ್ತಿದ್ದರು. ಅವರೂ ಕೇಳುತ್ತಿರಲಿಲ್ಲ.

ನಮಗೆ ಗೊತ್ತಾಗಿದ್ದದ್ದು ಶರಣಮ್ಮ ದೊಡ್ಡವ್ವನ ಮನೆ. ಅಲ್ಲಿ ಕಳೆದ ದಿನಗಳು ಈಗಲೂ ಕಣ್ಣ ಮುಂದಿವೆ. ಶಹಾಬಾದ್ ಕಲ್ಲಿನ ತಣ್ಣನೆಯ ನೆಲ. ಒದ್ದೆ ಆಡಿನ ವಾಸನೆ. ಎರಡು ಒಲೆಗಳ ಮುಂದೆ ಅವ್ವ ಮತ್ತು ದೊಡ್ಡವ್ವ ಪೈಪೋಟಿಗೆ ಬಿದ್ದವರ ಹಾಗೆ ರೊಟ್ಟಿ ಬಡಿಯುವ ಸದ್ದು. ಯಾರ ಹಂಚಿನ ರೊಟ್ಟಿ ಯಾರ ತಾಟಿಗೆ ಬಿತ್ತು ಎಂದು ನೋಡಿದವರಿಲ್ಲ. ಶಾಲೆಗೆ ರಜೆ ಬೇರೆ! ಕೆಳಗೆ ನಮ್ಮ ಮನೆಯ ಗೋಡೆ ಕುಸಿಯುತ್ತಿದ್ದರೆ ನಾವು ಮಕ್ಕಳು, ಹೊಳೆ ಇನ್ನೆರಡು ದಿನ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆವು. (ಅಪ್ಪನಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ.)

ವಾಪಸು ಹೋಗುವಾಗ ಪಡಸಾಲೆ ತೊಳೆದು, ನಮ್ಮದೊಂದು ಚರಗಿ ಅಲ್ಲಿಯೇ ಬಿಟ್ಟು ಬರಬೇಕು. ಮುಂದಿನ ಸಲ ನೀರು ಕುಡಿಯಲು ಆ ಮನೆಯಲ್ಲಿ ನಮ್ಮ ಚರಗಿ ಇರಬೇಕು, ಅಷ್ಟೇ.

ಆಮೇಲೆ ಮೇಲಿನ ಓಣಿಗೆ ನಲ್ಲಿ ಬಂತು. ಒಳ್ಳೆಯದೇ ಆಯಿತು. ಆದರೆ ಅವರು ಕೆಳಗಿಳಿಯುವುದು ನಿಂತಿತು. ಹೊಳೆಯೂ ಬಹಳ ವರ್ಷ ನಮ್ಮ ಹೊಸ್ತಿಲಿಗೆ ಬರಲಿಲ್ಲ. ದೊಡ್ಡವ್ವ ತೀರಿಕೊಂಡಳು, ಮಕ್ಕಳು ಮನೆ ಮಾರಿದರು. ಆ ಚರಗಿ ಯಾವ ಗುಜರಿಗೆ ಹೋಯಿತೋ.

ಮೂರನೆಯ ದಿನ ರಸ್ತೆಯ ನೀರು ಇಳಿದ ಮೇಲೆ ಹೋದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಹೋಗಿ ನೋಡಿದರೆ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಸುಜಾತಾ ಪಕ್ಕದಲ್ಲಿ ಕೂತು ಹಿಟ್ಟು ನಾದುತ್ತಿದ್ದಾಳೆ! ಜೋಡಿಸಿಕೊಂಡಿದ್ದನ್ನೆಲ್ಲ ಅವಳಿಗೆ ಒಪ್ಪಿಸಿದೆ. ಮೊದಲ ದಿನ ಭಯವಾಗಿದ್ದು ನಿಜವೆಂದು ಅವಳೂ ಮುಚ್ಚುಮರೆಯಿಲ್ಲದೆ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

‘ಈ ಊರಿಗಿ ಬಂದು ಹತ್ತು ತಿಂಗಳಾಯ್ತು ನೋಡ್ರಿ ಅಕ್ಕಾ. ಒಬ್ಬರೂ ನಮ್ಮನಿ ಒಳಗ ಬಂದು ಕುಂತಿದ್ದಿಲ್ಲ. ಈ ಆಯಿನೇ ಮೊದಲು.’

ನಾನು ಅವ್ವನ ಕಡೆ ತಿರುಗಿ, ಶರಣಮ್ಮ ದೊಡ್ಡವ್ವ ಹೋಗಿ ಎಷ್ಟು ವರ್ಷವಾಯಿತು, ಇದು ಈಗ ಬೇರೆಯವರ ಮನೆ ಅಲ್ಲವೇ ಎಂದು ಗದರಿದೆ. ಅವ್ವ ಹಂಚಿನಿಂದ ಕಣ್ಣು ತೆಗೆಯಲಿಲ್ಲ.

‘ಶರಣಮ್ಮ ಹೋಗ್ಯಾಳ. ಮನಿ ಎಲ್ಲಿ ಹೋಗ್ಯಾದ?’

ಮಧ್ಯಾಹ್ನ ಹೊರಟೆವು. ಅವ್ವ ಹಟ ಹಿಡಿದು ಪಡಸಾಲೆ ತೊಳೆಸಿದಳು. (ತೊಳೆದವಳು ನಾನು.) ಓಣಿಯ ತಿರುವಿಗೆ ಬಂದಿದ್ದೆವು, ಹಿಂದಿನಿಂದ ಸುಜಾತಾ ಓಡಿ ಬಂದಳು. ಕೈಯಲ್ಲಿ ನಮ್ಮ ಸ್ಟೀಲ್ ಚರಗಿ. ಮರೆತು ಹೋಗಿದ್ದೀರಿ ಎಂದು ಮುಂದೆ ಹಿಡಿದಳು. ಅವ್ವ ಅದನ್ನು ಅವಳ ಕೈಯಲ್ಲೇ ಹಿಂದಕ್ಕೆ ತಳ್ಳಿದಳು. ಮರೆತಿಲ್ಲ, ಅಲ್ಲೇ ಇರಲಿ ಅಂದಳು. ಬೇಸಿಗೆಯಲ್ಲಿ ನಲ್ಲಿ ಕೈಕೊಟ್ಟರೆ ಕೇಳದೆ ಕೊಡ ತಗೊಂಡು ಬಾ, ಬಾವಿ ಇದೆ ಎಂದೂ ಸೇರಿಸಿದಳು. ಹುಡುಗಿ ಚರಗಿಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದಳು.

ನನ್ನ ಸಿಟ್ಟು ಇಳಿದಿತ್ತು, ಸಂಕಟ ಇಳಿದಿರಲಿಲ್ಲ. ಚಿತ್ತಾಪುರದಲ್ಲಿ ನನ್ನ ಮನೆ ಎರಡನೆಯ ಮಹಡಿಯಲ್ಲಿದೆ. ಗೆಸ್ಟ್ ರೂಮ್ ಇದೆ, ಅಟ್ಯಾಚ್ಡ್ ಬಾತ್ರೂಮ್ ಇದೆ. ಕಾಗಿಣಾ ಅಲ್ಲಿಗೆ ಬರಲು ಸಾಧ್ಯವೇ ಇಲ್ಲ. ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಬೋರ್ಡೂ ಇದೆ. (ನಾಯಿ ಇಲ್ಲ.) ನಮ್ಮ ಕಾಲೊನಿಯಲ್ಲಿ ಯಾರೂ ಯಾರ ಮನೆಗೂ ಹೇಳದೆ ಹೋಗುವುದಿಲ್ಲ. ಅದನ್ನು ನಾವು ಮ್ಯಾನರ್ಸ್ ಅನ್ನುತ್ತೇವೆ.

ಕೆಸರು ತುಂಬಿದ ನಮ್ಮ ಹೊಸ್ತಿಲ ಮುಂದೆ ನಿಂತು ಕೊನೆಗೂ ಕೇಳಿಯೇಬಿಟ್ಟೆ. ಗುರುತಿಲ್ಲದವರ ಮನೆಗೆ ಹೋದೆ, ಹೆತ್ತ ಮಗಳ ಮನೆ ಯಾಕೆ ನೆನಪಾಗಲಿಲ್ಲ?

ಅವ್ವ ಸೀರೆ ಮೇಲೆತ್ತಿ ಕಟ್ಟಿ, ಪೊರಕೆ ಕೈಗೆ ತಗೊಂಡಳು.

‘ನಿನ್ನ ಮನಿಗಿ ಬರಬೇಕಂದ್ರ ಮೊದಲ ಫೋನ್ ಮಾಡಬೇಕು. ಹೊಳಿ ನನಗ ಫೋನ್ ಮಾಡಿ ಬಂದಿತ್ತೇನು?’