ಉತ್ತರಾಣಿ ಕುಂಡದ ಪತಂಗ

ನಮ್ಮ ಮನೆಯಲ್ಲಿ ಹಾರುವುದಕ್ಕೆಲ್ಲ ಒಂದೇ ಹೆಸರು: ಹುಳ. ಸೊಳ್ಳೆಗೂ ಜಿರಲೆಗೂ ಮಾತ್ರ ಪ್ರತ್ಯೇಕ ಗೌರವ. ಅವು ಮನೆಯ ಖಾಯಂ ಸದಸ್ಯರು. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಮಗಳು ಅದಿತಿ 'ಪೂಚ್ಚಿ' ಎನ್ನುತ್ತಾಳೆ. ತಮಿಳಿನ ಆ ಶಬ್ದ ಇನ್ನೂ ಉದಾರಿ. ಚಿಟ್ಟೆಯಿಂದ ಜೇಡದವರೆಗೆ ಎಲ್ಲರಿಗೂ ಅದರಲ್ಲಿ ಜಾಗವಿದೆ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ಸಂಬಳ ಎಣಿಸುವ ನಾನು ಕೂಡ, ಸಾರಿನ ಪಾತ್ರೆಯ ಸುತ್ತ ಏನಾದರೂ ಹಾರಿದರೆ ಅದರ ಗಣ, ಕುಲ, ಕುಟುಂಬಗಳನ್ನು ವಿಚಾರಿಸುವುದಿಲ್ಲ. "ಅಯ್ಯೋ, ಹುಳ!" ಎಂದು ಮುಚ್ಚಳ ಹುಡುಕುತ್ತೇನೆ.

ಪುಸ್ತಕದಲ್ಲಿ ಇದಕ್ಕೆ ಪತಂಗ ಎಂಬ ಒಳ್ಳೆಯ ಹೆಸರಿದೆ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಹಕ್ಕಿ ಎಂದೂ ಅರ್ಥ, ಸೂರ್ಯ ಎಂದೂ ಅರ್ಥ. ದೀಪಕ್ಕೆ ಬಂದು ಬೀಳುವ ಬಡಪಾಯಿಗೂ ದೀಪಗಳಿಗೆಲ್ಲ ದೊಡ್ಡಪ್ಪನಾದ ಸೂರ್ಯನಿಗೂ ಒಂದೇ ಹೆಸರಿಟ್ಟವರು ಏನು ಯೋಚಿಸಿದ್ದರೋ! ಇಬ್ಬರೂ ಆಕಾಶದಲ್ಲಿ ಓಡಾಡುತ್ತಾರೆ, ಅಷ್ಟು ಸಾಕು ಎಂದುಕೊಂಡಿರಬೇಕು. ಹೆಸರಿಡುವುದು ಆಗ ಅಷ್ಟು ಸುಲಭವಾಗಿತ್ತು. ಈಗ ಅದೆಷ್ಟು ಕಷ್ಟ ಎಂಬುದು ನನಗೆ ತಿಳಿದದ್ದು ನಮ್ಮತ್ತೆಯ ಉತ್ತರಾಣಿ ಕುಂಡದಿಂದ.

ಅತ್ತೆಯ ಹೆಸರು ಇಂದಿರಾಬಾಯಿ. ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಮಾಧ್ವ ಮನೆತನದವರು. ಊರಿನ ಹೆಸರು ಬದಲಾದದ್ದನ್ನು ಅವರು ಇನ್ನೂ ಒಪ್ಪಿಕೊಂಡಿಲ್ಲ. ಋಷಿಪಂಚಮಿಯ ದಿನ ಹಲ್ಲುಜ್ಜಲು ಅವರಿಗೆ ಉತ್ತರಾಣಿ ಕಡ್ಡಿಯೇ ಆಗಬೇಕು. ಟಿ. ನಗರದಲ್ಲಿ ಸಿಗದ ವಸ್ತುವಿಲ್ಲ ಎನ್ನುತ್ತಾರಲ್ಲ, ಉತ್ತರಾಣಿ ಸಿಗುವುದಿಲ್ಲ. ಅದು ಕಳೆಗಿಡ, ಕಳೆಯನ್ನು ಮಾರುವವರು ಯಾರು? ಹಾಗಾಗಿ ಪೆರುಂಗುಡಿಯ ನಮ್ಮ ಫ್ಲ್ಯಾಟಿನ ಪಕ್ಕದ ಖಾಲಿ ಸೈಟಿನಿಂದ ಒಂದು ಗಿಡ ಕಿತ್ತು ತರಿಸಿ, ಬಾಲ್ಕನಿಯ ದೊಡ್ಡ ಕುಂಡದಲ್ಲಿ ನೆಟ್ಟು, ಗುಲಾಬಿಗೆ ಹಾಕುವಷ್ಟು ಗೊಬ್ಬರ ಹಾಕಿ ಬೆಳೆಸಿದರು.

ಹಬ್ಬ ಕಳೆದ ಮೇಲೂ ಗಿಡ ಉಳಿಯಿತು. ಒಂದು ದಿನ ಅತ್ತೆ ಕರೆದರು. "ಸುಮಾ, ಇದರ ಎಲೆಯೆಲ್ಲ ಬೀಡಾ ಕಟ್ಟಿದ ಹಾಗೆ ಸುತ್ಕೊಂಡಿದೆ, ನೋಡು ಮಾ."

ನೋಡಿದೆ. ಸುರುಳಿಯೊಳಗೆ ದಾರದ ತುಂಡಿನಂಥ ಹಸಿರು ಹುಳು. ತರಗತಿಯಲ್ಲಿ ತೋರಿಸಲಿಕ್ಕಾಗುತ್ತದೆ ಎಂದು ಕೆಲವು ಸುರುಳಿಗಳನ್ನು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಇಟ್ಟೆ. ಅವು ಅಲ್ಲೇ ಗೂಡು ಕಟ್ಟಿದವು. ಮೊದಲ ಪತಂಗ ಹೊರಬಂದಾಗ ನನಗೆ ಕಂಡದ್ದು ಜೀರಿಗೆ ಕಾಳಿನಷ್ಟು ಉದ್ದದ ಒಂದು ಕಂದು ಚೂರು, ಅಷ್ಟೆ. ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಕಂದು ರೆಕ್ಕೆಯ ಮೇಲೆ ಓರೆಯಾಗಿ ಎಳೆದ ಚಿನ್ನದ ಗೆರೆ, ತುದಿಯಲ್ಲಿ ಬೆಳ್ಳಿಯ ಬೊಟ್ಟು, ಅಂಚಿಗೆಲ್ಲ ರೇಷ್ಮೆಯ ಕುಚ್ಚು. ಇಷ್ಟು ಸಿಂಗಾರ ಮಾಡಿಕೊಂಡು, ಯಾರ ಕಣ್ಣಿಗೂ ಬೀಳದ ಗಾತ್ರದಲ್ಲಿ ಹುಟ್ಟುವುದೆಂದರೆ!

ಸಿಕ್ಕ ಪುಸ್ತಕಗಳಲ್ಲೆಲ್ಲ ಹುಡುಕಿದೆ. ಹತ್ತಿರದವು ಇದ್ದವು, ಇದು ಇರಲಿಲ್ಲ. ಕೊನೆಗೆ ಬೇರೆ ಊರಿನಲ್ಲಿದ್ದ ಒಬ್ಬ ಹಿರಿಯ ತಜ್ಞರಿಗೆ ಚಿತ್ರ ಕಳಿಸಿದೆ. ಇಡೀ ಜೀವಮಾನ ಸಣ್ಣ ಪತಂಗಗಳ ಜೊತೆಗೇ ಕಳೆದವರು. ಫೋನಿನಲ್ಲಿ ಅವರು ಮಾತು ಮುಗಿಸಿದ್ದು ಹೀಗೆ: "ರೆಕ್ಕೆ ನೋಡಿ ಮೋಸ ಹೋಗಬೇಡಮ್ಮ. ಹೊಟ್ಟೆಯ ತುದಿ ಬಿಡಿಸಿ ನೋಡು."

ಇದನ್ನು ಸ್ವಲ್ಪ ವಿವರಿಸಬೇಕು. ಈ ಬಗೆಯ ಪತಂಗಗಳಲ್ಲಿ ಎಷ್ಟೋ ಜಾತಿಗಳು ಹೊರಗಿನಿಂದ ಒಂದೇ ತರಹ. ಬೇರೆ ಬೇರೆ ಎಂದು ಖಚಿತವಾಗುವುದು ಅವುಗಳ ಜನನಾಂಗದಿಂದ. ಗಂಡಿನದೂ ಹೆಣ್ಣಿನದೂ ಬೀಗ ಮತ್ತು ಬೀಗದ ಕೈಯಂತೆ ಒಂದಕ್ಕೊಂದು ಹೊಂದುತ್ತವೆ. ಆದ್ದರಿಂದ ವಿದ್ವಾಂಸರು ಚಿನ್ನದ ಗೆರೆ, ಬೆಳ್ಳಿಯ ಬೊಟ್ಟುಗಳನ್ನು ಒಂದು ಪ್ಯಾರಾದಲ್ಲಿ ಮುಗಿಸಿ, ಉಳಿದ ಪುಟಗಳನ್ನೆಲ್ಲ ಇದಕ್ಕೇ ಮೀಸಲಿಡುತ್ತಾರೆ. ಊಟದ ಮೇಜಿನ ಮೇಲೆ ನಾನು ಬಿಡಿಸುತ್ತಿದ್ದ ಚಿತ್ರ ನೋಡಿ ಅತ್ತೆ ಏನದು ಎಂದು ಕೇಳಿದಾಗ, "ಅದರ ಸೊಂಟದ ಭಾಗ ಅತ್ತೆ" ಎಂದು ತೇಲಿಸಿದೆ. ಅವರು ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು.

"ನಾಲ್ಕು ಹೆತ್ತವಳು ನಾನು. ನನ್ನ ಹತ್ತಿರ ಏನೇ ನಾಚಿಕೆ?"

ತೊಡಕು ಬಂದದ್ದು ಫ್ರಿಜ್ಜಿನಿಂದ. ಪತಂಗ ಚಿತ್ರಕ್ಕೆ ಅಲುಗಾಡದೆ ಕೂರಬೇಕಾದರೆ ಅದಕ್ಕೆ ಸ್ವಲ್ಪ ಚಳಿ ಹಿಡಿಸಬೇಕು. ಅತ್ತೆಯ ಮಡಿಹಾಲಿಗೆ ಮೈಲಿಗೆಯಾಗದಂತೆ ಡಬ್ಬಿಯನ್ನು ಬಾಗಿಲಿನ ಕಡೆ ಇಟ್ಟಿದ್ದೆ. ಅವರು ಹೆಪ್ಪು ತೆಗೆಯಲು ಹೋಗಿ ಅದನ್ನೇ ತೆಗೆದರು.

"ಪಾವಂ! ಚಳಿಗೆ ಸತ್ತೇ ಹೋಗಿದೆಯಲ್ಲೇ!"

ಅದಿತಿ ಮೊಬೈಲಿನಿಂದ ತಲೆಯೆತ್ತದೆ ಸಮಾಧಾನ ಹೇಳಿದಳು. "ಸಾಗಲೆ ಅಜ್ಜಿ, ತೂಂಗುದು." ಸತ್ತಿಲ್ಲ, ನಿದ್ದೆ ಮಾಡುತ್ತಿದೆ, ಅಷ್ಟೇ.

"ಎದ್ದ ಮೇಲೆ ಬಿಟ್ಟುಬಿಡ್ತೀಯಾ?" ಎಂದು ಅತ್ತೆ ನನ್ನನ್ನು ಕೇಳಿದರು.

ಇಲ್ಲ ಎಂದೆ. ಹೊಸ ಜಾತಿ ಎಂದು ಸಾರಬೇಕಾದರೆ ಅದರ ದೇಹ ಒಂದು ಸಂಗ್ರಹಾಲಯದಲ್ಲಿ ಶಾಶ್ವತವಾಗಿ ಇರಬೇಕು. ನಾಳೆ ಯಾರಾದರೂ ಅನುಮಾನಪಟ್ಟರೆ ತೆರೆದು ನೋಡಲು. ಅದಕ್ಕಾಗಿ ಔಷಧದ ಸೀಸೆಯಲ್ಲಿ ಮಲಗಿಸಿ, ಕೂದಲಿನಂಥ ಸೂಜಿ ಚುಚ್ಚಿ ಇಡುತ್ತೇವೆ. ಆಮೇಲೇ ಹೆಸರು.

ಅತ್ತೆ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ನಮ್ಮಲ್ಲಿ ಹುಟ್ಟಿದ ಮೇಲೆ ಹೆಸರಿಡ್ತಾರೆ. ನಿಮ್ಮಲ್ಲಿ ಸತ್ತ ಮೇಲಾ?"

ಅವರು ಜಿರಲೆಗೆ ತೋರುವ ಪರಾಕ್ರಮವನ್ನು ನಾನು ನೆನಪಿಸಬಹುದಿತ್ತು. ನೆನಪಿಸಲಿಲ್ಲ. ಅವರ ಪ್ರಶ್ನೆ ಜಿರಲೆಯನ್ನು ಕುರಿತದ್ದಾಗಿರಲಿಲ್ಲ.

ಗಂಡು ಪತಂಗಗಳ ಕೆಲಸ ಮುಗಿಯಿತು. ತಜ್ಞರು ಚಿತ್ರಗಳನ್ನು ನೋಡಿ, ಹೊಸದೇ ಇರಬೇಕು, ಆದರೆ ಹೆಣ್ಣನ್ನು ನೋಡದೆ ಖಚಿತವಾಗಿ ಹೇಳಲಾರೆ ಎಂದರು. ಈ ಗುಂಪಿನಲ್ಲಿ ಗಂಡುಗಳು ಅಣ್ಣತಮ್ಮಂದಿರಂತೆ ಹೋಲುತ್ತವಂತೆ, ತೀರ್ಪು ಹೆಣ್ಣಿನದು. ನನ್ನ ಡಬ್ಬಿಗಳಲ್ಲೋ ಗಂಡುಗಳೇ ಹುಟ್ಟುತ್ತಿದ್ದವು. ಕೆಲವು ಗೂಡುಗಳಿಂದ, ಪತಂಗದ ಮರಿಯನ್ನೇ ತಿಂದು ಬೆಳೆದ ಪರೋಪಜೀವಿ ಕಣಜಗಳು ಹಾರಿಬಂದವು. ಖಾಲಿ ಸೈಟಿಗೆ ಓಡಿದೆ. ಹೊಸ ಆಫೀಸು ಕಟ್ಟಡಕ್ಕಾಗಿ ಅದನ್ನು ಯಂತ್ರ ಹಚ್ಚಿ ಹೆರೆದುಹಾಕಿದ್ದರು. ಉತ್ತರಾಣಿಯ ಒಂದು ಕಡ್ಡಿಯೂ ಇರಲಿಲ್ಲ. ಉಳಿದದ್ದು ನಮ್ಮ ಕುಂಡ, ಅದರಲ್ಲಿ ಕೊನೆಯ ಕೆಲವು ಸುರುಳಿ.

ಅವುಗಳಲ್ಲೊಂದರಿಂದಲೇ ಹೆಣ್ಣು ಬಂತು. ದಪ್ಪ ಹೊಟ್ಟೆ, ಅಗಲ ರೆಕ್ಕೆ, ಗೆರೆ ಗಂಡಿನದಕ್ಕಿಂತ ತಿಳಿ ಬಂಗಾರ. ನೋಡಿದೊಡನೆ ಸೀಸೆ ತರಲು ಎದ್ದೆ. ಅತ್ತೆ ಬಾಲ್ಕನಿಯ ಬಾಗಿಲಲ್ಲೇ ನಿಂತಿದ್ದರು.

"ಹೆಣ್ಣು ಇದೊಂದೇನಾ?"

"ಒಂದೇ ಅತ್ತೆ."

"ಎಷ್ಟು ದಿನ ಬದುಕತ್ತೆ ಅದು?"

"ಹೆಚ್ಚೆಂದರೆ ಒಂದು ವಾರ."

"ಒಂದು ವಾರ ಕಾಯೋಕಾಗಲ್ವಾ ಮಾ? ಹೇಗೂ ಸಾಯತ್ತೆ. ಆಮೇಲೆ ತಗೋ."

ಅಷ್ಟು ಸರಳವಲ್ಲ ಎಂದು ವಾದಿಸಿದೆ. ಹಾರಿದಷ್ಟೂ ರೆಕ್ಕೆಯ ಹುಡಿ ಉದುರುತ್ತದೆ, ಬಣ್ಣ ಹೋಗುತ್ತದೆ. ಹಲ್ಲಿ ತಿನ್ನಬಹುದು, ಇರುವೆ ಹೊತ್ತೊಯ್ಯಬಹುದು. ಹೋದರೆ ಇಷ್ಟು ದಿನದ ಕೆಲಸ ಅರ್ಧಕ್ಕೇ ನಿಂತೀತು. ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ಅದಿತಿ ಕಿವಿಯಿಂದ ಇಯರ್‌ಫೋನ್ ತೆಗೆದಳು. ಅತ್ತೆ ಎದುರಾಡಲಿಲ್ಲ. "ನಿನ್ನ ಕೆಲಸ, ನೀನು ನೋಡಿಕೋ" ಎಂದು ಒಳಗೆ ಹೋದರು.

ಡಬ್ಬಿ ಹಿಡಿದು ಬಹಳ ಹೊತ್ತು ಕೂತಿದ್ದೆ. ವಿಜ್ಞಾನಕ್ಕೆ ಬೇಕಾದದ್ದು ಹೊಟ್ಟೆಯ ತುದಿ. ಅದು ಮುದಿತನದಲ್ಲಿ ಕೆಡುವುದಿಲ್ಲ. ಕೆಡುವುದು ಅಂದ ಮಾತ್ರ. ಅಂದರೆ ನಾನು ಅವಸರಪಡುತ್ತಿದ್ದದ್ದು ಒಳ್ಳೆಯ ಫೋಟೋಗಾಗಿ ಮತ್ತು ಕಳೆದುಕೊಳ್ಳುವ ಹೆದರಿಕೆಯಿಂದ. ಹೆದರಿಕೆ ಸಣ್ಣದೇನಲ್ಲ. ಆದರೂ ಹಳೆಯ ಸೊಳ್ಳೆಪರದೆಯನ್ನು ಕತ್ತರಿಸಿ ಕುಂಡದ ಸುತ್ತ ಕಟ್ಟಿದೆ. ಹೆಣ್ಣನ್ನು ಅದರೊಳಗೆ ಬಿಟ್ಟೆ.

"ಒಂಟಿಯಾಗಿ ಬಿಡ್ತೀಯಾ?" ಎಂದು ಒಳಗಿನಿಂದ ಅತ್ತೆಯ ಧ್ವನಿ ಬಂತು. ಹಿಂದಿನ ದಿನ ಹುಟ್ಟಿದ ಗಂಡೊಂದು ಇನ್ನೂ ಡಬ್ಬಿಯಲ್ಲಿತ್ತು. ಅದನ್ನೂ ಬಿಟ್ಟೆ.

ಆ ವಾರ ನಮ್ಮ ಮನೆ ಬಾಲ್ಕನಿಯ ಸುತ್ತ ನಡೆಯಿತು. ಅಂಬತ್ತೂರಿನ ಕಾರ್ಖಾನೆಯಿಂದ ಸುಸ್ತಾಗಿ ಬರುವ ನಮ್ಮ ಯಜಮಾನರು ಕೂಡ ಬೂಟು ಕಳಚುವ ಮೊದಲು "ಇದೆಯಾ?" ಎಂದು ಕೇಳುತ್ತಿದ್ದರು. ಅತ್ತೆ ಮೊಣಕಾಲು ನೋವನ್ನು ಮರೆತು, ಕೈಯಲ್ಲಿ ಹಂಚಿಕಡ್ಡಿ ಹಿಡಿದು ಹಲ್ಲಿ ಕಾಯಲು ಕೂತರು. ಕುಂಡಕ್ಕೆ ಇರುವೆ ಹತ್ತದಂತೆ ಅದರ ಅಡಿಗೆ ನೀರಿನ ತಟ್ಟೆ ಇಟ್ಟರು. ಅದಿತಿ ಕಾಲೇಜಿನಲ್ಲಿರುತ್ತಿದ್ದ ನನಗೆ ವರದಿ ಕಳಿಸುತ್ತಿದ್ದಳು, ತಮಿಳಿನಲ್ಲಿ. ಒಂದು ಸಂಜೆ ಸಮುದ್ರದ ಗಾಳಿ ಪರದೆಯ ಒಂದು ಮೂಲೆ ಬಿಚ್ಚಿಬಿಟ್ಟಿತ್ತು. ಬಂದು ನೋಡಿದರೆ ಹೆಣ್ಣು ಕಾಣಲಿಲ್ಲ. ಅದಿತಿ ಮೊಣಕಾಲೂರಿ, ಒಂದೊಂದೇ ಎಲೆ ಸರಿಸಿ, ಕೊನೆಗೆ ಕೆಳಗಿನ ಎಲೆಯ ಅಡಿಯಲ್ಲಿ ಅದನ್ನು ಹುಡುಕಿಕೊಟ್ಟಳು. ಪಕ್ಕದಲ್ಲಿ ಗಸಗಸೆಗಿಂತ ಸಣ್ಣ ಮೊಟ್ಟೆಗಳು. "ಇಲ್ಲೇ ಇದೆ!" ಎಂದು ಅವಳು ಕೂಗಿದ್ದು ಕನ್ನಡದಲ್ಲಿ, ಅದನ್ನು ಗಮನಿಸಿದವಳು ನಾನೊಬ್ಬಳೇ.

ವಾರ ತುಂಬುವ ಮೊದಲೇ ಒಂದು ಬೆಳಿಗ್ಗೆ ಅದು ಎಲೆಯ ಮೇಲೆ ಸತ್ತು ಮಲಗಿತ್ತು. ಅತ್ತೆಯೇ ಪರದೆ ಬಿಚ್ಚಿಕೊಟ್ಟರು. ಚಿನ್ನದ ಗೆರೆ ಅರ್ಧ ಅಳಿಸಿತ್ತು, ಕುಚ್ಚು ಹರಿದಿತ್ತು. ಹೊಟ್ಟೆಯ ತುದಿ ನೆಟ್ಟಗಿತ್ತು. ಬಿಡಿಸಿ ನೋಡಿದೆ, ಚಿತ್ರ ಕಳಿಸಿದೆ. ತಜ್ಞರು ಅದೇ ದಿನ ಫೋನು ಮಾಡಿ, "ಹೊಸದೇ ಕಣಮ್ಮ" ಎಂದರು. ಮಾತಿನ ಕೊನೆಗೆ, ಇಷ್ಟು ಸವೆಯುವ ತನಕ ಯಾಕೆ ಬಿಟ್ಟೆ ಎಂದು ಬೈಯುವುದನ್ನೂ ಮರೆಯಲಿಲ್ಲ. ಮೊಟ್ಟೆಗಳ ಕಥೆ ಏನಾಯಿತೋ ತಿಳಿಯದು. ತಮಿಳರ ಐಪ್ಪಸಿ ತಿಂಗಳಿನ ಮಳೆ ಆ ಸಲ ಬಾಲ್ಕನಿಯೊಳಕ್ಕೇ ಹೊಡೆಯಿತು; ಆಮೇಲೆ ಎಲೆ ಸುರುಳಿಯಾಗಲಿಲ್ಲ. ಊರಿನ ಬೇರೆ ಯಾವುದಾದರೂ ಖಾಲಿ ಸೈಟಿನಲ್ಲಿ ಅದರ ಬಂಧುಬಳಗ ಇರಬೇಕು. ಹೊಸ ಜಾತಿ ಎನ್ನುವುದು ನಮ್ಮ ಲೆಕ್ಕ; ಅದು ಇಲ್ಲಿ ನಮಗಿಂತ ಹಳೆಯ ನಿವಾಸಿ.

ಹೆಸರಿಡುವಾಗ ಅತ್ತೆಯ ಹೆಸರನ್ನೇ ಇಡುತ್ತೇನೆ ಎಂದೆ. ಅವರು ಕೈಮುಗಿದರು. "ಬೇಡ ತಾಯಿ! ಹುಳಕ್ಕೆ ಅತ್ತೆ ಹೆಸರಿಟ್ಟು ಸೊಸೆ ಸೇಡು ತೀರಿಸಿಕೊಂಡಳು ಅಂತಾರೆ ಜನ." ಕೊನೆಗೆ ಗಿಡದ ಹೆಸರಿಗೇ ಲ್ಯಾಟಿನ್ ಬಾಲ ಅಂಟಿಸಿ ಇಟ್ಟೆವು.

ವಿಜ್ಞಾನ ಪತ್ರಿಕೆಗೆ ಕಳಿಸಿದ ಲೇಖನವನ್ನು ಪರಿಶೀಲಿಸಿದವರು, ಹೆಣ್ಣಿನ ತಾಜಾ ಮಾದರಿಯನ್ನು ಏಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದ್ದರು. ಸಹಜವಾಗಿ ಸಾಯುವವರೆಗೆ ಕಾಯಲಾಯಿತು ಎಂದು ಬರೆದೆ. ಕಾರಣ ಬರೆಯಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಅಚ್ಚಾಗಿ ಬಂದ ದಿನ ಅದಿತಿ ಅಜ್ಜಿಯ ಪಕ್ಕ ಕೂತು, ತನ್ನ ಅರೆ ತಮಿಳು ಅರೆ ಕನ್ನಡದಲ್ಲಿ ಎಲ್ಲವನ್ನೂ ಓದಿ ಹೇಳಿದಳು. ಗಂಡಿನ ವರ್ಣನೆಯಲ್ಲಿ ಚಿನ್ನ, ಬೆಳ್ಳಿ, ರೇಷ್ಮೆ ಎಲ್ಲ ಇತ್ತು. ಹೆಣ್ಣಿನದು ಚಿಕ್ಕದು: ಬಣ್ಣ ಮಾಸಿದೆ, ಅಂಚು ಹರಿದಿದೆ, ಮಾದರಿ ಸವೆದಿದೆ.

ಅತ್ತೆ ನನ್ನ ಕಡೆ ತಿರುಗಿದರು. "ಮುದುಕಿ ಅಂತ ಬರೆದಿದ್ದೀಯಾ?"

"ಇಲ್ಲ ಅತ್ತೆ, ಸವೆದಿದೆ ಅಂತ ಮಾತ್ರ."

"ಮತ್ತೆ? ಅಷ್ಟೆಲ್ಲ ಹಾರಾಡಿದ ಮೇಲೆ ಸವೆಯದೆ ಇರತ್ತಾ?"

ಆ ವಾಕ್ಯ ಲೇಖನದಲ್ಲಿ ಇರಬೇಕಿತ್ತು. ಅದನ್ನು ಲ್ಯಾಟಿನ್ನಿನಲ್ಲಿ ಹೇಗೆ ಹೇಳುತ್ತಾರೋ, ನಾನು ಇನ್ನೂ ಹುಡುಕುತ್ತಿದ್ದೇನೆ.