ಬೆಳ್ಳಾರೆಯ ಹೇಮಶ್ರೀ ಕೋಟಿ ರೂಪಾಯಿಯ ಕಾರಿನಲ್ಲಿ ಕೂತದ್ದು

ಬೆಳ್ಳಾರೆಯ ಹೇಮಶ್ರೀಗೆ ಹದಿನಾರು ವರ್ಷಗಳಿಂದ ಕಾರೇ ಜೀವನ. ಆದರೆ ಆಕೆ ಕಾರು ಓಡಿಸಿದ್ದು ಬಹಳ ಕಡಿಮೆ, ಓಡಿಸಿದ್ದೆಲ್ಲ ಬೇರೆಯವರು. ಡ್ರೈವಿಂಗ್ ಶಾಲೆ ಶುರು ಮಾಡಿದ್ದು ಗಂಡ ಜಯಪ್ರಕಾಶ್. ಕಲಿಯುವವರು ಕ್ಲಚ್ಚನ್ನು ಒಮ್ಮೆಲೇ ಬಿಟ್ಟಾಗ ಕಾರು ಜಿಗಿಯುತ್ತಿತ್ತು, ಕಾರಿನ ಜೊತೆಗೆ ಅವನ ಸೊಂಟವೂ. ಎರಡು ವರ್ಷದಲ್ಲಿ ಸೊಂಟ ಕೈಕೊಟ್ಟಿತು. “ಎರಡು ವಾರ ಪಾಠ ನೀನು ಸುಧಾರಿಸು, ನಾನು ಗುತ್ತಿಗಾರಿನ ನೆಂಟರ ಮನೆಗೆ ಹೋಗಿ ಎಣ್ಣೆ ತಿಕ್ಕಿಸಿಕೊಂಡು ಬರ್ತೇನೆ” ಎಂದು ಹೋದ. ಸೊಂಟ ಸರಿಯಾಯಿತು, ಅವನು ಬಂದ. ಆದರೆ ಅಷ್ಟರಲ್ಲಿ ಕಲಿಯುವವರೆಲ್ಲ “ನಮಗೆ ಮೇಡಮ್ಮೇ ಸಾಕು” ಎಂದುಬಿಟ್ಟಿದ್ದರು. ಜಯಪ್ರಕಾಶ್ ಬೈಯುತ್ತಿದ್ದ, ಹೇಮಶ್ರೀ ಬೈಯುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

ಆಕೆಯ ಜಾಗ ಕಾರಿನ ಎಡಗಡೆಯ ಸೀಟು. ಅಲ್ಲಿ ಅವಳ ಕಾಲಿನಡಿ ಇನ್ನೊಂದು ಬ್ರೇಕ್ ಇದೆ. ಕಲಿಯುವವರು ಗಾಬರಿಯಾದಾಗ ಅದನ್ನು ಒತ್ತುವುದು ಆಕೆ. ಹದಿನಾರು ವರ್ಷ ಒತ್ತಿ ಒತ್ತಿ ಬಲಗಾಲಿಗೆ ಅದೊಂದು ಚಾಳಿಯಾಗಿ ಹೋಗಿತ್ತು. ಬಸ್ಸಿನಲ್ಲಿ ಕೂತರೂ ಕಾಲು ನೆಲ ಒತ್ತುತ್ತಿತ್ತು. ಊಟಕ್ಕೆ ಕೂತಾಗ ಅತ್ತೆ ದೇವಮ್ಮ ಸಾರನ್ನು ಸ್ವಲ್ಪ ಜೋರಾಗಿ ಬಡಿಸಿದರೂ ಮೇಜಿನಡಿ ಕಾಲು ಒತ್ತುತ್ತಿತ್ತು. “ಅಲ್ಲಿ ಎಂತ ಉಂಟು ಮಗಾ, ಹಲ್ಲಿಯಾ?” ಎಂದು ದೇವಮ್ಮ ಬಗ್ಗಿ ನೋಡುತ್ತಿದ್ದರು.

ಹೋದ ವರ್ಷ ಬೆಳಗ್ಗೆ ಏಳು ಗಂಟೆಯ ಪಾಠಕ್ಕೆ ಇಬ್ಬರು ಒಟ್ಟಿಗೆ ಸೇರಿಕೊಂಡರು. ಒಬ್ಬರು ರಾಮಪ್ರಸಾದ ಭಟ್ರು. ವಯಸ್ಸು ಐವತ್ತಾರು, ಅಡಿಕೆ ತೋಟ, ಪುತ್ತೂರಿನಲ್ಲಿ ಮೂರು ಸಲ ಲೈಸೆನ್ಸ್ ಪರೀಕ್ಷೆಗೆ ಹೋಗಿ ಮೂರು ಸಲವೂ ಫೇಲು. ಇನ್ನೊಬ್ಬ ರವೂಫ್. ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿ ಇಟ್ಟುಕೊಂಡವ. ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದೆ ಕೂತು ನೋಡಿ ಕಲಿಯಬೇಕು ಎಂಬುದು ಹೇಮಶ್ರೀಯ ಪದ್ಧತಿ. ಈ ಇಬ್ಬರೂ ಕಲಿಯಲಿಲ್ಲ, ಚರ್ಚೆ ಮಾಡಿದರು.

ಇಬ್ಬರಿಗೂ ಕಾರಿನ ಹುಚ್ಚು. ಓಡಿಸಲು ಬಾರದ ಕಾರುಗಳ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಯಾವ ಕಾರಿಗೆ ಎಷ್ಟು ಸಿಲಿಂಡರ್, ಯಾವುದರ ಟರ್ಬೊ ಎಷ್ಟು ಬೇಗ ಏಳುತ್ತದೆ, ಎಲ್ಲ ಬಾಯಿಪಾಠ. ಆ ಸಮಯದಲ್ಲೇ ‘ವೆಲೊಕ್ಸಾ’ ಎಂಬ ಹೊಸ ಸ್ಪೋರ್ಟ್ಸ್ ಕಾರು ಬಂತು. ಐನೂರ ಹತ್ತು ಹಾರ್ಸ್ ಪವರ್. ಬೆಲೆ ಒಂದು ಕೋಟಿ ಮೂವತ್ತೆಂಟು ಲಕ್ಷ.

“ಲೆಕ್ಕ ಹಾಕಿ ಭಟ್ರೇ,” ಎಂದ ರವೂಫ್, ಹಿಂದಿನ ಸೀಟಿನಿಂದ. “ಒಂದು ಕುದುರೆಗೆ ಇಪ್ಪತ್ತೇಳು ಸಾವಿರ ಬೀಳ್ತದೆ. ಈ ರೇಟಿಗೆ ಜೀವದ ಕುದುರೆಯೂ ಸಿಗುದಿಲ್ಲ. ಇದು ಚೀಪು!”

ಭಟ್ರು ಎರಡನೇ ಗೇರಿನಲ್ಲಿದ್ದರು. “ಎಂತ ಚೀಪು ಮಾರಾಯ? ನಮ್ಮ ಬೆಳ್ಳಾರೆ ರಸ್ತೆಯಲ್ಲಿ ಮೂವತ್ತು ಕುದುರೆ ಓಡಿದರೆ ಹೆಚ್ಚು. ಉಳಿದ ನಾನೂರ ಎಂಬತ್ತು ಕುದುರೆ ಎಂತ ಮಾಡುದು? ಸುಮ್ಮನೆ ಕೂತು ಪೆಟ್ರೋಲು ಕುಡಿಯುದು. ಕೆಲಸ ಇಲ್ಲದವಕ್ಕೆ ನಾನು ಯಾಕೆ ದುಡ್ಡು ಕೊಡ್ಬೇಕು?”

“ಬೇಕಾದಾಗ ಬರ್ತದೆ ಭಟ್ರೇ, ಓವರ್‌ಟೇಕಿಗೆ!”

“ಓವರ್‌ಟೇಕಿಗೆ ನಾನೂರ ಎಂಬತ್ತು ಕುದುರೆಯಾ? ಎಂತದನ್ನು ಓವರ್‌ಟೇಕ್ ಮಾಡ್ತಿ, ವಿಮಾನವನ್ನಾ?”

ಇಷ್ಟು ಹೇಳಲು ಭಟ್ರು ಪೂರ್ತಿ ಹಿಂದಕ್ಕೆ ತಿರುಗಿದ್ದರು. ಕಾರು ಮೋರಿಯ ಕಡೆ ಹೊರಟಿತ್ತು. ಹೇಮಶ್ರೀ ಬ್ರೇಕ್ ಒತ್ತಿದಳು.

“ಭಟ್ರೇ, ಕುದುರೆ ಆಮೇಲೆ ನೋಡುವ,” ಎಂದಳು ಮೆಲ್ಲಗೆ. “ಈಗ ಕ್ಲಚ್ ಒತ್ತಿ.”

ಚರ್ಚೆ ಒಂದು ತಿಂಗಳು ನಡೆಯಿತು. ರವೂಫ್‌ಗೆ ಸಿಟ್ಟು ಬಂದದ್ದು ಭಟ್ರು “ಕಂಬಳದ ಒಂದು ಜೊತೆ ಕೋಣ ನಿನ್ನ ಕಾರಿನ ಹತ್ತು ಕುದುರೆಗೆ ಸಮ” ಎಂದಾಗ. ಭಟ್ರಿಗೆ ಸಿಟ್ಟು ಬಂದದ್ದು ರವೂಫ್ “ಫಸ್ಟ್ ಗೇರಿನಲ್ಲಿ ಮೂರು ಸಲ ಫೇಲಾದವರು ಟರ್ಬೊ ಬಗ್ಗೆ ಮಾತಾಡ್ಬಾರ್ದು” ಎಂದಾಗ. ಅಲ್ಲಿಗೆ ಇಬ್ಬರಿಗೂ ಮಾತು ಬಿಟ್ಟಿತು. ಆದರೆ ಚರ್ಚೆ ಬಿಡಲಿಲ್ಲ. ಹೇಮಶ್ರೀಯ ಮೂಲಕ ಮುಂದುವರಿಯಿತು.

“ಮೇಡಂ, ಹಿಂದೆ ಕೂತವರಿಗೆ ಹೇಳಿ, ಆ ಕಾರಿಗೆ ಮೈಲೇಜು ಆರು ಕಿಲೋಮೀಟರ್ ಅಂತ.”

“ಹೇಮಕ್ಕಾ, ಮುಂದೆ ಕೂತವರಿಗೆ ಹೇಳಿ, ಕೋಟಿ ಕೊಡುವವ ಮೈಲೇಜು ಕೇಳುದಿಲ್ಲ ಅಂತ.”

ಒಂದೇ ಕಾರಿನಲ್ಲಿ ಮೂರಡಿ ಅಂತರದಲ್ಲಿ ಕೂತವರಿಗೆ ಹೇಮಶ್ರೀ ನಾಲ್ಕು ದಿನ ಸುದ್ದಿ ಮುಟ್ಟಿಸಿದಳು. ಐದನೇ ದಿನ ಆಕೆಗೇ ತಲೆನೋವು ಬಂತು. ಅಷ್ಟರಲ್ಲಿ ಸುದ್ದಿ ಬಂತು: ಭಾನುವಾರ ಪುತ್ತೂರಿನ ದರ್ಬೆಯಲ್ಲಿ ವೆಲೊಕ್ಸಾ ಕಾರಿನ ಪ್ರದರ್ಶನ. ಅಡಿಕೆಗೆ ಒಳ್ಳೆ ರೇಟು ಬಂದದ್ದನ್ನು ಕಂಪನಿಯವರು ಎಲ್ಲಿಯೋ ಓದಿರಬೇಕು.

“ಮೂವರೂ ಹೋಗುವ,” ಎಂದಳು ಹೇಮಶ್ರೀ. “ಕಾರನ್ನೇ ಕೇಳಿ ತೀರ್ಮಾನ ಮಾಡಿ. ಸೋಮವಾರದಿಂದ ಈ ಕಾರಿನಲ್ಲಿ ಈ ಕಾರಿನ ವಿಷಯ ಮಾತ್ರ.”

ಕೆಂಪು ‘ಎಲ್’ ಬರೆದ ಕಾರಿನಲ್ಲೇ ಹೋದರು. ಅರ್ಧ ದಾರಿ ರವೂಫ್, ಅರ್ಧ ದಾರಿ ಭಟ್ರು ಓಡಿಸಿದ್ದರಿಂದ ತಲುಪುವಾಗ ಹನ್ನೊಂದಾಯಿತು. ದರ್ಬೆಯ ಒಂದು ಖಾಲಿ ಜಾಗದಲ್ಲಿ ಶಾಮಿಯಾನ ಹಾಕಿ, ಕೆಳಗೆ ಹಸಿರು ಮ್ಯಾಟ್ ಹಾಸಿ ಕಾರನ್ನು ನಿಲ್ಲಿಸಿದ್ದರು. ಹಳದಿ ಬಣ್ಣ. ಎಷ್ಟು ತಗ್ಗೆಂದರೆ ಭಟ್ರು ಅದರ ಮೇಲಿನಿಂದ ಆಚೆಯ ಬೇಕರಿಯ ಬೋರ್ಡು ಓದಿದರು. ನೂರಿನ್ನೂರು ಜನ ಸೇರಿದ್ದರು. ಕೋಟು ಹಾಕಿಕೊಂಡ ಒಬ್ಬ ಯುವಕ ಬೆವರು ಒರೆಸುತ್ತ ನಿಂತಿದ್ದ. ಹೆಸರು ಅಭಿರಾಮ್, ಕಂಪನಿಯ ಸೇಲ್ಸ್‌ನವ.

“ಟೆಸ್ಟ್ ಡ್ರೈವ್ ಉಂಟಾ?” ಕೇಳಿದ ರವೂಫ್.

“ಉಂಟು ಸರ್. ಐದು ವರ್ಷ ಹಳೆಯ ಲೈಸೆನ್ಸ್ ಇದ್ದವರಿಗೆ.”

ರವೂಫ್ ಮತ್ತು ಭಟ್ರು ತಮ್ಮ ತಮ್ಮ ಕಲಿಯುವವರ ಲೈಸೆನ್ಸಿನ ಕಾಗದಗಳನ್ನು ಕಿಸೆಯಿಂದ ಅರ್ಧ ತೆಗೆದು ಹಾಗೇ ಒಳಗೆ ಹಾಕಿದರು. ಆಮೇಲೆ ಇಬ್ಬರೂ ಒಟ್ಟಿಗೆ ಹೇಮಶ್ರೀಯ ಕಡೆ ತಿರುಗಿದರು.

“ನನಗೆ ಎಂತಕ್ಕೆ? ನನಗೆ ಬೇಡ,” ಎಂದಳು ಆಕೆ.

“ಹೇಮಕ್ಕಾ, ನಮಗೋಸ್ಕರ! ಒಂದು ಸಲ ಒತ್ತಿ ನೋಡಿ. ನಾಲ್ಕು ಸೆಕೆಂಡಿನಲ್ಲಿ ನೂರು ಹೋಗ್ತದಾ ಇಲ್ವಾ, ಅಷ್ಟು ಹೇಳಿ.”

“ಮೇಡಂ, ದುಡ್ಡಿಗೆ ತಕ್ಕ ಹಾಗೆ ಉಂಟಾ ಇಲ್ವಾ, ಅದು ಮುಖ್ಯ,” ಎಂದರು ಭಟ್ರು.

ಹೇಮಶ್ರೀ ಹೋಗಿ ಕಾರಿನ ಎಡಬಾಗಿಲು ತೆರೆದು ಕೂತಳು. “ಮೇಡಂ, ನೀವು ಆಚೆ,” ಎಂದ ಅಭಿರಾಮ್. ಆಕೆಗೆ ನಾಚಿಕೆಯಾಯಿತು. ಇಳಿದು ಸುತ್ತು ಬಂದು ಬಲಗಡೆ ಕೂತಳು. ಕಾರಿಗೆ ಇದ್ದದ್ದೇ ಎರಡು ಸೀಟು. ತಿಂಗಳಿಡೀ ಚರ್ಚೆ ಮಾಡಿದವರಿಬ್ಬರೂ ಶಾಮಿಯಾನದಲ್ಲೇ ಉಳಿದರು.

ಹೇಮಶ್ರೀ ಮೊದಲು ಸೀಟು ಸರಿ ಮಾಡಿದಳು. ಮೂರೂ ಕನ್ನಡಿ ಸರಿ ಮಾಡಿದಳು. ಬೆಲ್ಟು ಹಾಕಿದಳು, ಅಭಿರಾಮನಿಗೂ ಹಾಕಿಸಿದಳು. ಎಡಗಾಲು ಕ್ಲಚ್ ಹುಡುಕಿತು, ಸಿಗಲಿಲ್ಲ.

“ಆಟೊಮ್ಯಾಟಿಕ್ ಮೇಡಂ. ಕ್ಲಚ್ ಇಲ್ಲ.”

“ಇಷ್ಟು ದುಡ್ಡು ತಕ್ಕೊಂಡು ಕ್ಲಚ್ಚೂ ಕೊಡುದಿಲ್ವಾ?” ಎಂದಳು. ತಮಾಷೆಗೆ ಹೇಳಿದ್ದಲ್ಲ.

ಎಂಜಿನ್ ಗುರ್ ಎಂದಿತು. ನಿಂತವರೆಲ್ಲ ಫೋನ್ ಎತ್ತಿದರು. ಹೇಮಶ್ರೀ ಇಂಡಿಕೇಟರ್ ಹಾಕಿ, ಅದು ಸಾಲದೆಂದು ಕೈಯನ್ನೂ ಹೊರಗೆ ಹಾಕಿ, ಎರಡೂ ಕಡೆ ನೋಡಿ, ಮುಖ್ಯರಸ್ತೆಗೆ ಬಂದಳು. ಗಂಟೆಗೆ ಇಪ್ಪತ್ತೆಂಟು ಕಿಲೋಮೀಟರ್. ಐನೂರ ಹತ್ತು ಕುದುರೆಗಳ ಕಾರನ್ನು ಒಂದು ಆಟೋ ಹಿಂದಿಕ್ಕಿತು. ಆಮೇಲೆ ಬಾಳೆಗೊನೆ ಹೇರಿದ ಪಿಕಪ್ ಹಿಂದಿಕ್ಕಿತು. ಇನ್ನೊಂದು ಆಟೋದವ ಪಕ್ಕದಲ್ಲೇ ಬಂದು ಒಳಗೆ ಇಣುಕಿದ.

“ಹ್ವಾಯ್ ಮೇಡಂ! ನಾನು ಇಬ್ರಾಹಿಂ! ಎರಡು ಸಾವಿರದ ಹದಿನೈದರ ಬ್ಯಾಚು! ಕಾರು ತಕ್ಕೊಂಡದ್ದಾ?”

“ಇಲ್ಲ ಇಬ್ರಾಹಿಂ, ಟೆಸ್ಟಿಗೆ. ನೀನು ಮುಂದೆ ನೋಡಿ ಓಡಿಸು.”

ಇಬ್ರಾಹಿಂ ತಕ್ಷಣ ಮುಂದೆ ನೋಡಿದ.

ಅಭಿರಾಮ್ ಸಹಿಸುವಷ್ಟು ಸಹಿಸಿದ. ಬೈಪಾಸಿನ ನೇರ ರಸ್ತೆ ಬಂತು, ಎದುರಿಗೆ ಒಂದು ವಾಹನವೂ ಇರಲಿಲ್ಲ. “ಮೇಡಂ, ಇಲ್ಲಾದರೂ ಸ್ವಲ್ಪ ಒತ್ತಿ. ಇಲ್ಲದಿದ್ದರೆ ನಾನು ಒಮ್ಮೆ ತೋರಿಸ್ತೇನೆ.”

“ತೋರಿಸಿ,” ಎಂದಳು. ಬದಿಗೆ ನಿಲ್ಲಿಸಿ ಜಾಗ ಬದಲಾಯಿಸಿದರು. ಎಡಗಡೆ ಕೂತ ಕೂಡಲೇ ಹೇಮಶ್ರೀಗೆ ಮನೆಗೆ ಬಂದಷ್ಟು ನೆಮ್ಮದಿಯಾಯಿತು.

ಅಭಿರಾಮ್ ಒತ್ತಿದ. ಆಕೆಯ ಬೆನ್ನು ಸೀಟಿಗೆ ಅಂಟಿತು. ಬದಿಯ ಮರಗಳು ಗೆರೆಗಳಾದವು. ಹೇಮಶ್ರೀಯ ಬಾಯಿಂದ ಜೋರಾದ ನಗು ಹೊರಟಿತು. ಅದು ತನ್ನದೇ ನಗುವೆಂದು ತಿಳಿಯಲು ಆಕೆಗೆ ಒಂದು ಕ್ಷಣ ಬೇಕಾಯಿತು.

ಅಷ್ಟರಲ್ಲಿ, ದೂರದಲ್ಲಿ, ಒಂದು ಕಂದು ನಾಯಿ ರಸ್ತೆಯ ನಡುವೆ ಬಂದು ಕೂತು ಕಿವಿ ಕೆರೆಯತೊಡಗಿತು. ಅಭಿರಾಮ್ ಸ್ಪೀಡೋಮೀಟರ್ ತೋರಿಸುತ್ತಿದ್ದ.

“ಬ್ರೇಕ್!”

ಹದಿನಾರು ವರ್ಷದಲ್ಲಿ ಹೇಮಶ್ರೀ ದನಿ ಏರಿಸಿದ್ದು ಅದೇ ಮೊದಲು. ಜೊತೆಗೆ ಬಲಗಾಲು ನೆಲವನ್ನು ಎಷ್ಟು ಜೋರಾಗಿ ಒತ್ತಿತೆಂದರೆ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಅಭಿರಾಮನೂ ಒತ್ತಿದ. ಕಾರು ಕಿರುಚಿ ನಿಂತಿತು. ನಾಯಿಗೂ ಕಾರಿಗೂ ನಡುವೆ ಇನ್ನೊಂದು ಕಾರು ನಿಲ್ಲಿಸುವಷ್ಟು ಜಾಗ ಉಳಿದಿತ್ತು. ನಾಯಿ ಇನ್ನೊಂದು ಕಿವಿ ಕೆರೆಯಿತು.

ಅಭಿರಾಮ್ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ. ಅವನು ಹೇಳಿದ: “ಮೇಡಂ, ಯಾರಿಗೂ ಹೇಳ್ಬೇಡಿ. ನಾನು ಈ ಕೆಲಸಕ್ಕೆ ಬಂದು ಮೂರು ವಾರ. ಅದಕ್ಕಿಂತ ಮೊದಲು ಸ್ಕೂಟರ್ ಮಾರ್ತಾ ಇದ್ದೆ. ಲೈಸೆನ್ಸ್ ಉಂಟು, ಆದರೆ ಕಾರು ಓಡಿಸಿ ಅಭ್ಯಾಸ ಇಲ್ಲ.”

“ಮನೆ ಎಲ್ಲಿ?”

“ಕಡಬದ ಹತ್ತಿರ, ಕಾಣಿಯೂರು.”

“ಹೆದರ್ಬೇಡ. ಉಸಿರು ಬಿಡು. ಎರಡೂ ಕೈ ಸ್ಟೇರಿಂಗಿನ ಮೇಲೆ ಇಡು. ಕನ್ನಡಿ ನೋಡು. ಈಗ ಮೆಲ್ಲ ಕಾಲು ತೆಗಿ,” ಎಂದಳು ಹೇಮಶ್ರೀ. ‘ನೀವು’ ಹೋಗಿ ‘ನೀನು’ ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ದರ್ಬೆಯವರೆಗೆ ಇಪ್ಪತ್ತೈದರಲ್ಲಿ ಪಾಠ ನಡೆಯಿತು. ಪ್ರತಿ ತಿರುವಿಗೂ ಅಭಿರಾಮ್ ಕೋಟಿನ ಕೈಯನ್ನು ಹೊರಗೆ ಹಾಕಿದ. ಶಾಮಿಯಾನದ ಕೆಳಗೆ ರಿವರ್ಸ್ ಹಾಕಿಸುವಾಗ ಮಾತ್ರ ಸ್ವಲ್ಪ ಕಷ್ಟವಾಯಿತು. ಮೂರನೇ ಪ್ರಯತ್ನಕ್ಕೆ ಸರಿಯಾಗಿ ಬಂತು. ಜನ ಚಪ್ಪಾಳೆ ತಟ್ಟಿದರು.

ಹೇಮಶ್ರೀ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಇಳಿದಳು. ರವೂಫ್ ಮತ್ತು ಭಟ್ರು ಓಡಿ ಬಂದರು.

“ಪವರ್ ಹೇಗೆ ಹೇಮಕ್ಕಾ?”

“ಬ್ರೇಕು ಒಳ್ಳೆದುಂಟು.”

“ಬ್ರೇಕಲ್ಲ, ಪವರ್! ಎಂಜಿನ್!”

“ಎಂಜಿನ್ನೂ ಉಂಟು.”

“ರೇಟು ಸರಿಯಾ ಮೇಡಂ?” ಎಂದರು ಭಟ್ರು.

ಹೇಮಶ್ರೀ ನಿಜವಾಗಿಯೂ ಯೋಚಿಸಿದಳು. “ಹಿಂದೆ ಕೂತುಕೊಳ್ಳಲಿಕ್ಕೆ ಸೀಟಿಲ್ಲ, ಎಡಗಡೆಗೆ ಬ್ರೇಕಿಲ್ಲ. ಒಂದೂವರೆ ಲಕ್ಷಕ್ಕೆ ಕೊಡುದಾದರೆ ನೋಡ್ಬಹುದು.”

ರವೂಫ್ ಭಟ್ರ ಮುಖ ನೋಡಿದ. “ಕೇಳಿದಿರಾ ಭಟ್ರೇ? ಟ್ವಿನ್ ಟರ್ಬೊ ಕಾರಿಗೆ ಒಂದೂವರೆ ಲಕ್ಷ!”

“ಇವರಿಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ ಮಾರಾಯ,” ಎಂದರು ಭಟ್ರು ನೋವಿನಿಂದ. “ರೇಟು ಜಾಸ್ತಿ ಹೌದು, ಆದರೆ ಒಂದು ಮರ್ಯಾದೆ ಬೇಡವಾ? ಆ ಎಂಜಿನ್ನಿಗೇ ಎಪ್ಪತ್ತು ಲಕ್ಷ ಕೊಡ್ಬಹುದು.”

“ಅದನ್ನೇ ನಾನು ಹೇಳಿದ್ದು!”

ಬೆಳ್ಳಾರೆಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಇಬ್ಬರೂ ಒಬ್ಬರಿಗೊಬ್ಬರು ನೇರವಾಗಿಯೇ ಮಾತಾಡಿಕೊಂಡರು. ಹೇಮಶ್ರೀ ಕೇಳಿಸದವಳಂತೆ ಕೂತಿದ್ದಳು.

ರಾತ್ರಿಯ ಊಟದಲ್ಲಿ ಜಯಪ್ರಕಾಶನಿಗೆ ಮಾತ್ರ ಹೇಳಿದಳು: “ಅವ ಒತ್ತಿದಾಗ ನನಗೆ ನಗು ಬಂತು ಮಾರಾಯ್ರೆ. ಯಾಕೆ ಅಂತ ಗೊತ್ತಿಲ್ಲ. ಶಾಲೆಯಲ್ಲಿ ಉಯ್ಯಾಲೆ ಆಡುವಾಗ ಬರ್ತಿತ್ತಲ್ಲ, ಅಂಥದ್ದು.” ಜಯಪ್ರಕಾಶ್ ಮರುದಿನ ಹೊಸ ಚಪ್ಪಲಿ ತಂದುಕೊಟ್ಟ.

ಪುತ್ತೂರಿನಲ್ಲಿ ಆ ಕಾರು ಒಂದೂ ಮಾರಾಟವಾಗಲಿಲ್ಲ. ಮುಂದಿನ ತಿಂಗಳು ರವೂಫ್ ಪರೀಕ್ಷೆಯಲ್ಲಿ ಪಾಸಾದ. ಭಟ್ರು ನಾಲ್ಕನೇ ಸಲವೂ ಫೇಲಾಗಿ, ಐದನೇ ಸಲ ಪಾಸಾದರು. ಆ ದಿನ ರವೂಫ್ ಅಂಗಡಿ ಮುಚ್ಚಿ ಅವರ ಜೊತೆ ಹೋಗಿದ್ದ. ಅಭಿರಾಮ್ ಪ್ರತಿ ಭಾನುವಾರ ಕಾಣಿಯೂರಿನಿಂದ ಬಂದು ಎರಡು ತಿಂಗಳು ಪಾಠ ಹೇಳಿಸಿಕೊಂಡ.

ಒಂದು ದಿನ ಹೇಮಶ್ರೀಗೆ ಅವನ ತಾಯಿಯ ಫೋನ್ ಬಂತು. ಹೆಸರು ಮೂಕಾಂಬಿಕಾ ಎಂದರು. ಮಗ ಈಗ ಎಷ್ಟು ಚೆನ್ನಾಗಿ ಓಡಿಸುತ್ತಾನೆಂದರೆ ತಾವು ಪಕ್ಕದಲ್ಲಿ ಕೂತು ನಿದ್ದೆ ಮಾಡಬಹುದು ಎಂದರು. ಆಮೇಲೆ ದನಿ ಇಳಿಸಿ ಕೇಳಿದರು:

“ನನಗೆ ಅರವತ್ತೊಂದು. ಯಾರಿಗೂ ಹೇಳ್ಲಿಲ್ಲ. ನನಗೆ ಕಲಿಸ್ತೀರಾ?”

“ಬನ್ನಿ ಅಮ್ಮ,” ಎಂದಳು ಹೇಮಶ್ರೀ. “ಸೋಮವಾರ ಏಳು ಗಂಟೆಯ ಜಾಗ ಖಾಲಿ ಉಂಟು.”