ನೀರಿನಿಂದ ನೇರ ಘಾಟಿಗೆ

ನಮ್ಮ ಮನೆಯವರದು ಸಮುದ್ರದ ತಳಕ್ಕಿಳಿದು ಪೈಪ್‌ಲೈನ್ ರಿಪೇರಿ ಮಾಡುವ ಕೆಲಸ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಹೋಟೆಲು, ಬಾರು ಇಟ್ಟಿದ್ದ ನೆಂಟರಿಗೆ ಅದು ಈಜಾಟ. ‘ಚಡ್ಡಿಯಲ್ಲಿ ಡ್ಯೂಟಿಗೆ ಹೋಗುವವರು’ ಎಂದು ನಗುತ್ತಿದ್ದರು. ನಗಲಿ, ದೋಸೆ ಹಿಟ್ಟಿಗಿಂತ ಆಳಕ್ಕೆ ಕೈ ಹಾಕಿದವರಲ್ಲ ಅವರು.

ಕಂಟ್ರಾಕ್ಟರ್ ನಮ್ಮ ಊರಿನ ಕಡೆಯವನೇ, ಮಹಾ ದೈವಭಕ್ತ. ಕೆಲಸ ಮುಗಿದ ದಿನವೇ ಕಾಯಿ ಒಡೆಯದಿದ್ದರೆ ಹರಕೆ ಸಲ್ಲುವುದಿಲ್ಲವಂತೆ. ಮುಳುಗಿ ಬಂದವರನ್ನೆಲ್ಲ ಕೂದಲು ಒಣಗುವ ಮೊದಲೇ ಜೀಪಿಗೆ ತುಂಬಿ ಲೋಣಾವಳಾ ಘಾಟಿ ಹತ್ತಿಸಿ, ಗುಡ್ಡದ ದೇವಿಯ ಮುಂದೆ ನಿಲ್ಲಿಸುತ್ತಿದ್ದ. ಆಳದಿಂದ ಬಂದವರ ರಕ್ತದಲ್ಲಿ ಗಾಳಿ ಗುಳ್ಳೆ ಕಟ್ಟಬಹುದು, ಎತ್ತರಕ್ಕೆ ಹೋದರೆ ಅದು ಇನ್ನೂ ಹಿಗ್ಗುತ್ತದೆ, ಒಂದು ದಿನವಾದರೂ ಕೆಳಗೇ ಇರಬೇಕು. ಇದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ದೇವಿ ನೋಡಿಕೊಳ್ಳುತ್ತಾಳೆ ಎನ್ನುತ್ತಿದ್ದ. ಇವರು ತಲೆ ಹಿಡಿದುಕೊಂಡು ವಾಂತಿ ಮಾಡಿದರೆ ತಪ್ಪನ್ನು ಘಾಟಿಯ ತಿರುವಿನ ಮೇಲೆ ಹಾಕುತ್ತಿದ್ದ. ಅವನ ಭಕ್ತಿಗಿಷ್ಟು ಬೆಂಕಿ ಬೀಳ!

ವರ್ಷಗಳು ಕಳೆದಂತೆ ಇವರಿಗೆ ಮರೆವು ಶುರುವಾಯಿತು. ಹಾಲು ತರಲು ಹೋದವರು ಕಲ್ಯಾಣ್ ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕರು. ‘ಕುಡಿತ ಜಾಸ್ತಿಯಾಗಿದೆ’ ಎಂದರು ನೆಂಟರು. ಬಾರ್ ನಡೆಸುವವರ ಬಾಯಲ್ಲಿ ಈ ಮಾತು! ಇವರು ಒಂದು ತೊಟ್ಟು ಮುಟ್ಟಿದವರಲ್ಲ. ಕೊನೆಗೆ ಥಾಣೆ ಊರಿನ ಆಸ್ಪತ್ರೆಯ ಡಾಕ್ಟರು ಮಿದುಳಿನ ಸ್ಕ್ಯಾನ್ ಹಿಡಿದು, ಗಾಳಿ ಗುಳ್ಳೆಗಳಿಂದ ಸತ್ತ ಜಾಗಗಳ ಬಿಳಿ ಚುಕ್ಕಿಗಳನ್ನು ತೋರಿಸಿದರು. ಇನ್ನು ನೀರಿಗಿಳಿದರೆ ಉಳಿದಿರುವುದೂ ಹೋಗುತ್ತದೆ ಎಂದು ಖಡಾಖಂಡಿತವಾಗಿ ಹೇಳಿದರು.

ಆ ವಾರವೇ ಕಂಟ್ರಾಕ್ಟರ್ ಪೇಡೆಯ ಡಬ್ಬಿ ಹಿಡಿದು ಮನೆಗೆ ಬಂದ.

“ಅತ್ತಿಗೆ, ಇದೊಂದೇ ಕೆಲಸ. ಇವರಷ್ಟು ಹುಷಾರಿನ ಜನ ಬೇರೆ ಯಾರುಂಟು? ಡಾಕ್ಟರಿಗೆಂತ ಗೊತ್ತು? ನಾನೇ ಟೆಸ್ಟ್ ಮಾಡ್ತೇನೆ, ನೋಡಿ.”

ಗಾಳಿಯ ಒತ್ತಡ, ಕೊಳವೆಯ ಜೋಡಣೆ, ಹಗ್ಗ ಎಳೆಯುವ ಸನ್ನೆ, ಕೇಳಿದ್ದಕ್ಕೆಲ್ಲ ಇವರು ಪಟಪಟ ಉತ್ತರ ಕೊಟ್ಟರು. ಇನ್ನು ಇವರನ್ನು ತಡೆಯಲು ನನ್ನ ಬಳಿ ಏನಿದೆ?

“ಕಂಡಿರಾ ಅತ್ತಿಗೆ? ದಿಮಾಗ್ ಏಕ್‌ದಮ್ ಫಿಟ್!”

ಇವರ ಮುಖ ಅರಳಿತು. ಎದ್ದು ಚಪ್ಪಲಿ ಮೆಟ್ಟಿದರು.

“ಕೂತಿರಿ ಮಾರಾಯ್ರೆ. ನಾನು ಮನೆಗೆ ಹೋಗಿ ಬ್ಯಾಗ್ ತಗೊಂಡು ಬರ್ತೇನೆ. ಹೆಂಡತಿ ಹತ್ರವೂ ಹೇಳ್ಬೇಕಲ್ಲ.”

ಕಂಟ್ರಾಕ್ಟರನ ಬಾಯಲ್ಲಿ ಪೇಡೆ ಹಾಗೇ ಉಳಿಯಿತು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಸ್ವಲ್ಪ ದಾರಿ ಬಿಡಿ, ಅಮ್ಮ,” ಎಂದರು ಇವರು.